ಸಾಗವಾನಿಯ ರೆಕ್ಕೆ

ಮೌನೇಶ ಬಡಿಗೇರನ ಬಲಗೈ ನಡುಗತೊಡಗಿದ್ದು ದೀಪಾವಳಿ ಕಳೆದ ಮೇಲೆ. ಬಾಚಿ ಹಿಡಿದಾಗ ಏನೂ ತಿಳಿಯುತ್ತಿರಲಿಲ್ಲ. ಬಾಚಿಯ ಭಾರವೇ ಕೈಯನ್ನು ಹಿಡಿದು ನಿಲ್ಲಿಸುತ್ತಿತ್ತು. ಗರಗಸ, ರಂದಾ ಹಿಡಿದಾಗಲೂ ಅಷ್ಟೇ. ಸಣ್ಣ ಉಳಿ, ಪೆನ್ಸಿಲು, ಚಹಾದ ಕಪ್ಪು, ಇಂಥ ಹಗುರ ವಸ್ತು ಹಿಡಿದಾಗ ಮಾತ್ರ ಬೆರಳುಗಳು ತಮ್ಮಷ್ಟಕ್ಕೆ ತಾವು ಅಲುಗುತ್ತಿದ್ದವು. ಹೆಂಡತಿ ಕಾಳವ್ವ ಅದನ್ನು ಕಂಡಳು. ಏನೂ ಕೇಳದೆ ಕಪ್ಪಿಗೆ ಅರ್ಧವೇ ಚಹಾ ಹಾಕತೊಡಗಿದಳು. ಅದು ಮುಗಿದ ಮೇಲೆ ಮತ್ತೆ ಅರ್ಧ. ಹಳಿಯಾಳದ ದವಾಖಾನೆಗೆ ಹೋಗಿ ತೋರಿಸೋಣ ಎಂದು ಒಂದೆರಡು ಸಲ ಹೇಳಿದಳು. ಅವನು ಸಂಕ್ರಾಂತಿ ಆಗಲಿ ಅಂದ. ಸಂಕ್ರಾಂತಿ ಆದ ಮೇಲೆ ಯುಗಾದಿ ಆಗಲಿ ಅಂದ.

ಯುಗಾದಿಯ ಮಾತಿಗೆ ಕಾರಣವಿತ್ತು. ಹೊನ್ನಿಕೊಪ್ಪದ ಬಸವಣ್ಣನ ಗುಡಿಗೆ ಹೊಸ ಬಾಗಿಲು ಆಗಬೇಕಿತ್ತು. ಈಗಿರುವುದು ಮೌನೇಶನ ಅಪ್ಪ ಮಾಡಿದ ಬಾಗಿಲು. ಅರವತ್ತು ಮಳೆಗಾಲ ಕಂಡು ಅದರ ಕೆಳಗಿನ ಅಂಚು ಕೊಳೆತಿತ್ತು. ಗುಡಿ ಸಮಿತಿಯ ಹಿರಿಯ ಶೇಖಪ್ಪ ತಾನೇ ದಾಂಡೇಲಿಯ ಹರಾಜಿಗೆ ಹೋಗಿ ಸಾಗವಾನಿ ನಾಟಾ ಹಿಡಿದು, ಕೊಯ್ಯಿಸಿ, ನಾಲ್ಕು ಹಲಗೆ ತಂದು ಮೌನೇಶ ಕೆಲಸ ಮಾಡುವ ಕೊಟ್ಟಿಗೆಯ ಗೋಡೆಗೆ ಒರಗಿಸಿ ಹೋಗಿದ್ದ. ದೇವರ ಬಾಗಿಲಿನ ಕೆಲಸ ಸುಮ್ಮನೆ ಶುರುವಾಗುವುದಿಲ್ಲ. ಯುಗಾದಿ ಕಳೆದ ಸೋಮವಾರ ಊರ ಹಿರಿಯರೆಲ್ಲ ಬಂದು ಕೂರುತ್ತಾರೆ. ಅವರೆದುರು ಬಡಿಗ ಕಂಕಣ ಕಟ್ಟಿಕೊಂಡು, ಕೆಮ್ಮಣ್ಣು ಹಚ್ಚಿದ ದಾರ ಎಳೆದು ಹಲಗೆಯ ಮೇಲೆ ಮೊದಲ ಗೆರೆ ಹೊಡೆಯಬೇಕು; ಆ ಗೆರೆಯ ಮೇಲೆ ಸಣ್ಣ ಉಳಿಯಿಂದ ಮೊದಲ ಏಟು ಹಾಕಬೇಕು. ಗೆರೆ ಅಲುಗಿದರೆ ಆ ಹಲಗೆಯನ್ನು ಬಿಡುತ್ತಾರೆ. ಬಡಿಗನನ್ನೂ ಬಿಡುತ್ತಾರೆ.

ಅಪ್ಪನ ಬಾಗಿಲನ್ನು ಇನ್ನೊಬ್ಬ ಬಂದು ಬದಲಿಸುವುದು ಮೌನೇಶನಿಗೆ ನೆನೆಸಿಕೊಳ್ಳಲೂ ಆಗದ ಮಾತು. ಯುಗಾದಿಯೊಳಗೆ ಕೈ ಸರಿಯಾದೀತು ಎಂದು ನಂಬಿದ್ದ. ಸರಿಯಾಗುವ ತನಕ ಕಾಳವ್ವನ ಹೊರತು ಯಾರಿಗೂ ತಿಳಿಯಬಾರದು ಎಂದು ಹಟ ಹಿಡಿದಿದ್ದ.

ಜನವರಿಯ ಕೊನೆಯ ವಾರ ಊರ ಹೈಸ್ಕೂಲಿನ ವಿಜ್ಞಾನದ ಶಿಕ್ಷಕಿ ಉಮಾಶ್ರೀ ಒಂದು ಉದ್ದನೆಯ ರಟ್ಟಿನ ಡಬ್ಬಿ ಹಿಡಿದುಕೊಂಡು ಕೊಟ್ಟಿಗೆಗೆ ಬಂದಳು. ಸಂಗಡ ಹತ್ತನೆಯ ಇಯತ್ತೆಯ ತುಳಜಾ ಇದ್ದಳು. ಊರ ಮಗ್ಗುಲಿನ ತಾಂಡಾದ ಹುಡುಗಿ. ಡಬ್ಬಿ ಧಾರವಾಡದ ತರಬೇತಿಯಲ್ಲಿ ಶಾಲೆಗೆಂದು ಕೊಟ್ಟದ್ದು. ಅದರೊಳಗೆ ಜೋಡಿಸಿ ಹಾರಿಸುವ ರಾಕೆಟ್ಟಿನ ಬಿಡಿಭಾಗಗಳಿದ್ದವು. ಕೇರಳದ ತುಂಬಾ ಎಂಬ ಊರಿನ ಕಡಲ ದಂಡೆಯಿಂದ ಮೇಲಿನ ಹವೆ ಅಳೆಯಲು ಹಾರಿಸುವ ರೋಹಿಣಿ ರಾಕೆಟ್ಟಿನದೇ ರೂಪು, ಅಳತೆ ಮಾತ್ರ ಅದರ ಐದರಲ್ಲಿ ಒಂದು ಪಾಲು ಎಂದು ಉಮಾಶ್ರೀ ವಿವರಿಸಿದಳು. ಮಂದ ಕಾಗದದ ಕೊಳವೆ, ಪ್ಲಾಸ್ಟಿಕ್ಕಿನ ಚೂಪು ತಲೆ, ಮಡಚಿಟ್ಟ ಕಿತ್ತಳೆ ಬಣ್ಣದ ಪ್ಯಾರಾಚೂಟು, ಹೆಬ್ಬೆರಳು ಗಾತ್ರದ ಎರಡು ಮದ್ದಿನ ಕೊಳವೆಗಳು. ಮಿಕ್ಕಿದ್ದನ್ನೆಲ್ಲ ಮಕ್ಕಳೇ ಅಂಟಿಸಿಕೊಂಡಿದ್ದರು. ತಳಕ್ಕೆ ಕೂಡಿಸುವ ನಾಲ್ಕು ರೆಕ್ಕೆಗಳನ್ನು ಮಾತ್ರ ಕಟ್ಟಿಗೆಯ ತೆಳು ಹಾಳೆಯಿಂದ ಕೊಯ್ದು, ಅಂಚು ಸವರಿ ಇಳಿಜಾರು ಮಾಡಬೇಕಿತ್ತು. ಅದಕ್ಕೆ ಮಕ್ಕಳ ಕೈ ಸಾಲದು.

"ನಾಲ್ಕೂ ಒಂದೇ ಅಳತಿ ಆಗಬೇಕ್ರಿ ಕಾಕಾ. ಕೂದಲೆಳಿಯಷ್ಟು ಫರಕ್ ಆದ್ರೂ ನೆಟ್ಟಗ ಹೋಗಂಗಿಲ್ಲ. ಊರಾಗ ಮತ್ಯಾರ ಕಡೆ ಹೋಗ್ಲಿ?" ಎಂದಳು ಉಮಾಶ್ರೀ.

ಆಗುವುದಿಲ್ಲ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಮೌನೇಶ ಎಡಗೈ ಚಾಚಿ ಹಾಳೆಯನ್ನು ತೆಗೆದುಕೊಂಡ. ಬೂರುಗದ ಕಟ್ಟಿಗೆಗಿಂತ ಹಗುರ. ಉಗುರು ಒತ್ತಿದರೆ ಗುಳಿ ಬೀಳುತ್ತಿತ್ತು.

"ಇದು ಕಟ್ಟಿಗಿ ಅಲ್ಲ ಅಕ್ಕಾರ, ಸಂಡಿಗಿ," ಎಂದ. "ಕರದು ತಿನ್ನೂದೋ, ಹಾರಸೂದೋ?"

ತುಳಜಾ ನಕ್ಕಳು. ಫೆಬ್ರುವರಿ ಇಪ್ಪತ್ತೆಂಟು ವಿಜ್ಞಾನದ ದಿನ. ಅಂದು ಹಾರಿಸುವುದು, ಶಿಕ್ಷಣ ಇಲಾಖೆಯ ಕಚೇರಿಯಿಂದ ಸಾಹೇಬರು ಬರುತ್ತಾರೆ ಎಂದು ಹೇಳಿ, ಕೊಳವೆಯನ್ನೂ ನಕ್ಷೆಯನ್ನೂ ಅಲ್ಲೇ ಇಟ್ಟು ಇಬ್ಬರೂ ಹೋದರು.

ಮರುದಿನ ಮೌನೇಶ ಹಾಳೆಯನ್ನು ಮಣೆಯ ಮೇಲೆ ಹಾಸಿ, ನಕ್ಷೆಯನ್ನು ಅದರ ಮೇಲಿಟ್ಟು, ಚಾಕು ಹಿಡಿದು ಕೂತ. ಮೊದಲನೆಯ ರೆಕ್ಕೆ ಹೇಗೋ ಬಂತು. ಎರಡನೆಯದರ ಮೂಲೆಗೆ ಬಂದಾಗ ಬೆರಳು ಜಿಗಿಯಿತು. ಚಾಕು ಅಡ್ಡ ಹೋಗಿ ರೆಕ್ಕೆ ಎರಡಾಯಿತು. ಅಂಚು ಸವರುವಾಗ ಮೊದಲನೆಯದೂ ಮುರಿಯಿತು. ಕಟ್ಟಿಗೆ ಗಟ್ಟಿಯಿದ್ದರೆ ಕೈ ಅದಕ್ಕೆ ಆತುಕೊಳ್ಳುತ್ತದೆ. ಇದು ಕೈಯ ನಡುಕವನ್ನೆಲ್ಲ ತಾನೇ ತೆಗೆದುಕೊಂಡು ತುಂಡಾಗುತ್ತಿತ್ತು. ಸಂಜೆಯೊಳಗೆ ಹಾಳೆ ಮುಗಿದು ಮಣೆಯ ಮೇಲೆ ಒಂಬತ್ತು ಚೂರು ಉಳಿದವು. ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಕಾಳವ್ವ ಎಲ್ಲವನ್ನೂ ನೋಡುತ್ತಿದ್ದಳು.

"ಅಕ್ಕಾರಿಗೆ ಹೇಳಿಬಿಡ್ರಿ," ಎಂದಳು.

"ಏನಂತ ಹೇಳ್ಲಿ?"

ಕಾಳವ್ವ ಮೊರದ ಅಕ್ಕಿಯನ್ನು ಇನ್ನೊಂದು ಸಲ ಕೇರಿದಳು.

ಅವನು ಚೂರುಗಳನ್ನು ತಗಡಿನ ಡಬ್ಬಿಯೊಂದರಲ್ಲಿ ಹಾಕಿ ಹಲಗೆಗಳ ಹಿಂದೆ ಸರಿಸಿದ. ಅಟ್ಟದಿಂದ ಹಳೆಯ ಕಿಟಕಿ ಚೌಕಟ್ಟಿನ ಒಂದು ಸಾಗವಾನಿ ತುಂಡು ಇಳಿಸಿದ. ಅದನ್ನು ಸೀಳಿ, ರಂದಾ ಹೊಡೆದು ಹೊಡೆದು ತೆಳ್ಳಗೆ ಮಾಡಿದ. ಸಾಗವಾನಿ ಅವನ ಕೈಯನ್ನು ಬಲ್ಲದು; ಅದರ ಮೇಲೆ ಕೈ ನಿಂತಿತು. ಎರಡು ದಿನದಲ್ಲಿ ನಾಲ್ಕು ರೆಕ್ಕೆಗಳಾದವು. ಒಂದರ ಮೇಲೊಂದು ಇಟ್ಟರೆ ಒಂದೇ ರೆಕ್ಕೆಯೆಂದು ಕಾಣುವಂತಿದ್ದವು, ಅಂಚು ಹುಣಸೆ ಎಲೆಯಷ್ಟು ತೆಳು, ಮೈಮೇಲೆ ಜೇನಿನ ಬಣ್ಣದ ಗೆರೆ. ಅವನ್ನು ಕೊಳವೆಗೆ ಅಂಟಿಸಿ ನೆರಳಲ್ಲಿ ಒಣಗಿಸಿದ.

ನೊಗ ಮಾಡಿದ ಮೇಲೆ ನಡುವೆ ಹಗ್ಗ ಕಟ್ಟಿ ತೂಗಿಬಿಟ್ಟು, ಯಾವ ಕಡೆ ವಾಲುತ್ತದೆ ಎಂದು ನೋಡದೆ ಅವನು ಒಂದು ನೊಗವನ್ನೂ ಕೊಟ್ಟವನಲ್ಲ. ರಾಕೆಟ್ಟನ್ನು ಮಾತ್ರ ಬೆರಳ ಮೇಲೂ ಇಟ್ಟು ನೋಡಲಿಲ್ಲ. ಅದು ಬೇಗ ಕೊಟ್ಟಿಗೆ ಬಿಟ್ಟು ಹೋದರೆ ಸಾಕಾಗಿತ್ತು.

ತೆಗೆದುಕೊಂಡು ಹೋಗಲು ಬಂದ ಉಮಾಶ್ರೀ ಅದನ್ನು ಕೈಗೆತ್ತಿಕೊಂಡು ರೆಕ್ಕೆಗಳ ಮೇಲೆ ಬೆರಳಾಡಿಸಿದಳು. ಡಬ್ಬಿಯಲ್ಲಿದ್ದ ಕಟ್ಟಿಗೆ ಏನಾಯಿತು ಎಂದು ಮೆಲ್ಲಗೆ ಕೇಳಿದಳು.

"ಆ ಸಂಡಿಗಿ ಗಾಳಿಗೆ ಉಳೀತಿತ್ತೇನ್ರಿ? ದಾಂಡೇಲಿ ಸಾಗವಾನಿ ಹಾಕೇನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರತಾವ," ಎಂದ ಮೌನೇಶ, ಬಲಗೈಯನ್ನು ಹೆಗಲಿನ ವಸ್ತ್ರದೊಳಗೆ ಇಟ್ಟುಕೊಂಡು.

ತುಳಜಾ ಡಬ್ಬಿಯ ಜೊತೆ ಬಂದಿದ್ದ ಪುಸ್ತಿಕೆ ತೆರೆದು, ರೆಕ್ಕೆ ಕೂಡಿಸಿದ ಮೇಲೆ ದಾರದಿಂದ ತೂಗಿಬಿಟ್ಟು ಭಾರ ಎಲ್ಲಿ ನಿಲ್ಲುತ್ತದೆ ನೋಡಬೇಕು, ತಲೆಯ ಕಡೆಗಿರುವ ಈ ಗುರುತಿನ ಹಿಂದೆ ಹೋಗಬಾರದು ಎಂದು ಬರೆದಿದೆ ಎಂದಳು. ಉಮಾಶ್ರೀ ಒಮ್ಮೆ ಮೌನೇಶನ ಮುಖ ನೋಡಿದಳು. ಆ ಊರಲ್ಲಿ ಬಡಿಗನ ಎದುರಿಗೆ ಅವನ ಕೆಲಸಕ್ಕೆ ಅಳತೆಪಟ್ಟಿ ಹಿಡಿಯುವ ರೂಢಿಯಿಲ್ಲ. ಹಿಡಿದರೆ ಮುಖಕ್ಕೆ ಹೊಡೆದಂತೆ.

"ಕಾಕಾ ಮಾಡ್ಯಾರಂದ್ರ ಮತ್ತೇನು ನೋಡೂದು," ಎಂದು ಅವಳು ಪುಸ್ತಿಕೆಯನ್ನು ಮುಚ್ಚಿಸಿದಳು. ಶಾಲೆಗೆ ಒಯ್ದ ಮೇಲೂ ತೂಗಲಿಲ್ಲ.

ಇಪ್ಪತ್ತೆಂಟರ ಬೆಳಿಗ್ಗೆ ಹತ್ತೂವರೆಗೆ ತುಳಸಿರಾಮನ ಗದ್ದೆಯಲ್ಲಿ ಎಲ್ಲರೂ ಸೇರಿದರು. ತುಳಸಿರಾಮ ತುಳಜಾಳ ದೊಡ್ಡಪ್ಪ. ಭತ್ತ ಕೊಯ್ದು ಬರೀ ಕೂಳೆ ಉಳಿದಿದ್ದ ಎರಡು ಎಕರೆಯನ್ನು ಅಂದಿನ ಮಟ್ಟಿಗೆ ಶಾಲೆಗೆ ಬಿಟ್ಟುಕೊಟ್ಟಿದ್ದ. ಗದ್ದೆಯ ನಡುವೆ ಸೊಂಟದೆತ್ತರದ ಕಬ್ಬಿಣದ ಕಂಬಿ, ಅದಕ್ಕೆ ಪೋಣಿಸಿ ನಿಲ್ಲಿಸಿದ ಬಿಳಿ ರಾಕೆಟ್ಟು, ಅಲ್ಲಿಂದ ಬ್ಯಾಟರಿಯವರೆಗೆ ಎಳೆದ ವಾಯರು. ಮಕ್ಕಳನ್ನು ಐವತ್ತು ಹೆಜ್ಜೆ ದೂರದ ಬದುವಿನ ಮೇಲೆ ಕೂರಿಸಿದ್ದರು. ಸಾಹೇಬರಿಗೆ ಕುರ್ಚಿ ಹಾಕಿದ್ದರು. ಶಾಲೆಯ ಸಮಿತಿಗೂ ಶೇಖಪ್ಪನೇ ಅಧ್ಯಕ್ಷ. ಅವನು ಶಾಲು ಹೊದ್ದು ಪಕ್ಕದಲ್ಲಿ ನಿಂತಿದ್ದ. ಮೌನೇಶ ಹಿಂದೆ ನಿಂತು ಕಂಬಿಯನ್ನು ಒಂದು ಕಣ್ಣು ಮುಚ್ಚಿ ನೋಡಿದ. ನೆಟ್ಟಗಿತ್ತು.

ಮಕ್ಕಳು ಹತ್ತರಿಂದ ಕೆಳಗೆ ಎಣಿಸಿದರು. ತುಳಜಾ ಗುಂಡಿ ಒತ್ತಿದಳು.

ಬುಸ್ಸೆಂದು ಹೊಗೆ ಬಂತು. ರಾಕೆಟ್ಟು ಕಂಬಿಯನ್ನು ಬಿಟ್ಟು ಒಂದು ತೆಂಗಿನಮರದಷ್ಟು ಏರಿತು. ಅಲ್ಲಿ ಅದರ ತಲೆ ವಾಲಿತು. ವಾಲಿದ್ದು ಸರಿಹೋಗದೆ ಪೂರಾ ಮಗುಚಿ, ಸುತ್ತಿಕೊಂಡು, ಉರಿಯುತ್ತಲೇ ಕೆಳಗಿಳಿದು, ಕೂಳೆಯ ಮೇಲೆ ಆಳೆತ್ತರದಲ್ಲಿ ಅಡ್ಡಡ್ಡ ಬದುವಿನ ಕಡೆ ಧಾವಿಸಿತು. ಮಕ್ಕಳು ನೆಲಕ್ಕೆ ಬಿದ್ದರು. ಬ್ಯಾಟರಿಯ ಬಳಿ ನಿಂತಿದ್ದ ತುಳಜಾ ಮುಖಕ್ಕೆ ಕೈ ಅಡ್ಡ ಹಿಡಿದಳು. ಅವಳ ಮುಂಗೈಯನ್ನು ಸವರಿಕೊಂಡು ಹೋಗಿ ಅದು ಬದುವಿನಾಚೆಯ ಹುಲ್ಲಿನ ಬಣವೆಗೆ ನುಗ್ಗಿತು. ತುಳಸಿರಾಮ ಕೊಡದ ನೀರು ಸುರಿದು ಹೊಗೆಯಾಡುತ್ತಿದ್ದ ಹುಲ್ಲನ್ನು ಆರಿಸಿದ.

ಹುಡುಗಿಯ ಮುಂಗೈ ಮೇಲೆ ಬೆರಳುದ್ದ ಸುಟ್ಟ ಗೆರೆ ಎದ್ದಿತ್ತು. ಉಮಾಶ್ರೀ ಅದರ ಮೇಲೆ ನೀರು ಹಾಕುತ್ತಲೇ ಇದ್ದಳು. ಸಾಹೇಬರು ವಹಿ ತೆಗೆದು ಏನೋ ಬರೆದುಕೊಂಡು, ಮೂರು ದಿನದೊಳಗೆ ಲಿಖಿತ ಕಾರಣ ಕೊಡಬೇಕು ಎಂದು ಹೇಳಿ ಜೀಪು ಹತ್ತಿದರು.

ತಾಂಡಾದಿಂದ ತುಳಜಾಳ ಅಜ್ಜಿ ಜಮುನಾಬಾಯಿ ಬಂದಳು. ಮೊಮ್ಮಗಳ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಬಣವೆಯಿಂದ ತೆಗೆದು ನೆಲದ ಮೇಲಿಟ್ಟಿದ್ದ ರಾಕೆಟ್ಟನ್ನೂ ನೋಡಿದಳು. ಬಯ್ಯಲಿಲ್ಲ.

"ಮ್ಯಾಲ ಹೋಗಂದ್ರ ನಮ್ಮ ಹುಡುಗಿ ಕಡೆ ಬಂತಲ್ಲ," ಎಂದಳು. "ಇದಕ್ಕ ಹಾದಿ ತೋರಿಸಿದವರು ಯಾರು?"

ಎಲ್ಲರೂ ಅತ್ತಿತ್ತ ಸರಿದ ಮೇಲೆ ಮೌನೇಶ ಬಗ್ಗಿ ರಾಕೆಟ್ಟನ್ನು ಎತ್ತಿ ಎಡಗೈಯ ತೋರುಬೆರಳ ಮೇಲೆ ಇಟ್ಟ. ನಡುವೆ ನಿಲ್ಲಲಿಲ್ಲ. ಸರಿಸುತ್ತ ಸರಿಸುತ್ತ ಹೋಗಿ ರೆಕ್ಕೆಗಳ ಹತ್ತಿರಕ್ಕೆ ಬಂದಾಗ ನಿಂತಿತು. ಪುಸ್ತಿಕೆಯ ಗುರುತಿಗಿಂತ ಒಂದು ಗೇಣು ಹಿಂದೆ. ಇದನ್ನು ಯಾರೂ ಅವನಿಗೆ ಓದಿ ಹೇಳಬೇಕಾಗಿರಲಿಲ್ಲ.

ಎರಡನೆಯ ದಿನ ಶೇಖಪ್ಪ ಹಲಗೆ ನೋಡಲೆಂದು ಕೊಟ್ಟಿಗೆಗೆ ಬಂದ. ಒಂದೊಂದನ್ನೂ ಅಂಗೈಯಿಂದ ತಟ್ಟಿ, ಚೆನ್ನಾಗಿ ಆರಿವೆ ಎಂದ. ಕಂಕಣಕ್ಕೆ ಏನೇನು ಬೇಕು ಎಂದು ಕೇಳಿದ. ಹೋಗುವಾಗ ಬಾಗಿಲಲ್ಲಿ ನಿಂತು, "ತಪ್ಪು ತಮ್ಮದ ಅಂತ ಅಕ್ಕಾರು ಬರೀತಾರಂತ," ಎಂದ. "ಕಂಬಿ ತಾವ ಸೊಟ್ಟ ಹುಗದಿದ್ದು ಅಂತಾರ. ಅವರನ್ನ ಕಾಯಂ ಮಾಡೂ ಕಾಗದ ಆ ಸಾಹೇಬರ ಟೇಬಲ್ ಮ್ಯಾಲ ಐತಿ. ನಾಳಿಗೆ ನನ್ನೂ ಸಹಿಗೆ ಕರದಾರ."

ಕಂಬಿ ನೆಟ್ಟಗಿತ್ತು ಎಂದು ಮೌನೇಶನಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಅವನು ಹೂಂ ಎಂದ. ಶೇಖಪ್ಪ ಹೋದ ಮೇಲೆ ಹಲಗೆಗಳ ಎದುರು ಬಹಳ ಹೊತ್ತು ಕೂತ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಯೋಚಿಸಿದ. ಅಪ್ಪನ ಮಾತೊಂದೂ ನೆನಪಾಗಲಿಲ್ಲ. ನೆನಪಾದದ್ದು ತುಳಜಾ ಮುಖಕ್ಕೆ ಕೈ ಅಡ್ಡ ಹಿಡಿದದ್ದು. ಆ ಕೈ ಅಲ್ಲಿರದಿದ್ದರೆ ಅದರ ಹಿಂದೆ ಇದ್ದದ್ದು ಅವಳ ಕಣ್ಣು.

ಮರುದಿನ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಅವನು ತಗಡಿನ ಡಬ್ಬಿ ಹಿಡಿದು ಶಿಕ್ಷಕರ ಕೋಣೆಗೆ ಹೋದ. ಉಮಾಶ್ರೀ ಕಾಗದ ಬರೆದು ಮುಗಿಸಿ ಶೇಖಪ್ಪನ ಮುಂದೆ ಸರಿಸಿದ್ದಳು. ಶೇಖಪ್ಪ ಚಸ್ಮಾ ಹುಡುಕುತ್ತಿದ್ದ. ಮೌನೇಶ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಬಿಳಿ ಕಟ್ಟಿಗೆಯ ಒಂಬತ್ತು ಚೂರು ಹರಡಿದವು.

"ಸಹಿ ಮಾಡಬ್ಯಾಡ್ರಿ ಶೇಖಪ್ಪಾರ. ಕಂಬಿ ನೆಟ್ಟಗಿತ್ತು. ನಾ ನೋಡೀನಿ."

ಉಮಾಶ್ರೀ ಚೂರುಗಳನ್ನು ನೋಡುತ್ತಿದ್ದಳು.

"ಗಟ್ಟಿ ಆಗಲಿ ಅಂತ ಸಾಗವಾನಿ ಹಾಕಿದ್ದಲ್ರಿ ಅಕ್ಕಾರ. ಇವನ್ನ ಮುರದೇನಿ, ಅದಕ್ಕ ಹಾಕೇನಿ. ಬಾಲ ಭಾರಾಗಿ ತಲಿ ತಿರುಗೇತಿ." ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಕೈ ಚಾಚಿದ. ಪೆನ್ನಿನ ತುದಿ ಗಾಳಿಯಲ್ಲಿ ಹೆಣೆಯುತ್ತಿದ್ದಂತೆ ಆಡಿತು. ಅದನ್ನು ಇಳಿಸುವಾಗ ಮೇಜಿಗೆ ತಾಗಿ ಟಕಟಕ ಸದ್ದಾಯಿತು. "ದೀಪಾವಳಿಯಿಂದ ಹಿಂಗೈತಿ."

ಶೇಖಪ್ಪ ಆ ಕೈಯನ್ನು ನೋಡಿದ. ಆಮೇಲೆ ಕಿಟಕಿಯ ಹೊರಗೆ ನೋಡಿದ.

ತೂಗಿ ನೋಡದೆ ಹಾರಿಸಿದವಳು ತಾನೇ, ತುಳಜಾ ಓದಿ ಹೇಳಿದ್ದಳಲ್ಲ, ಎಂದು ಉಮಾಶ್ರೀ ಸಣ್ಣ ದನಿಯಲ್ಲಿ ಅಂದಳು.

"ನನ್ನ ಮಾರಿ ನೋಡಿ ತೂಗೂದು ಬಿಟ್ರಿ ನೀವು," ಎಂದ ಮೌನೇಶ. "ನನಗ ಗೊತ್ತೈತಿ. ಅದನ್ನೂ ಬರೀರಿ, ಇದನ್ನೂ ಬರೀರಿ."

ಅವಳು ಮೊದಲಿನ ಕಾಗದವನ್ನು ಹರಿದು ಹೊಸದು ಬರೆದಳು. ರೆಕ್ಕೆಯ ಕಟ್ಟಿಗೆ ಬದಲಾದದ್ದು, ಬದಲಾಗಿದೆ ಎಂದು ತಿಳಿದೂ ತಾನು ಪರೀಕ್ಷಿಸದೆ ಬಿಟ್ಟದ್ದು, ಮಕ್ಕಳನ್ನು ಹತ್ತಿರ ಕೂರಿಸಿದ್ದು, ಎಲ್ಲ ಅದರಲ್ಲಿತ್ತು. ಮೌನೇಶ ಕೆಳಗೆ ಹೆಬ್ಬೆಟ್ಟು ಒತ್ತಿದ. ಅವನಿಗೆ ಸಹಿ ಬರುತ್ತಿತ್ತು, ಆದರೆ ಪೆನ್ನು ಕೈಯ ಮಾತು ಕೇಳಲಿಲ್ಲ.

ಅಲ್ಲಿಂದ ಅವನು ನೇರ ತಾಂಡಾಕ್ಕೆ ಹೋಗಿ ಜಮುನಾಬಾಯಿಗೂ ಹೇಳಿದ. ಅವಳು ಕೌದಿ ಹೊಲಿಯುತ್ತ ಕೇಳಿಸಿಕೊಂಡಳು. ತನ್ನ ಗಂಡನಿಗೂ ಕೊನೆಯಲ್ಲಿ ಕೈ ಹೀಗೆಯೇ ಆಗಿತ್ತು, ಅವನು ಕೊಡಲಿ ಬಿಟ್ಟಿರಲಿಲ್ಲ, ಕಾಲಿನ ಎರಡು ಬೆರಳು ಹೋದ ಮೇಲೆ ಬಿಟ್ಟ ಎಂದಳು. ಕೂತು ಚಹಾ ಕುಡಿ ಎಂದಳು. ಕಪ್ಪನ್ನು ಅವನು ಎರಡೂ ಕೈಯಿಂದ ಹಿಡಿದು, ಚೆಲ್ಲಿದರೂ ಸರಿಯೆಂದು ಅವಳೆದುರಿಗೇ ಕುಡಿದ.

ಕಚೇರಿಯಿಂದ ಎಚ್ಚರಿಕೆಯ ಕಾಗದವೊಂದು ಬಂತು. ಉಮಾಶ್ರೀಯ ಕಾಯಂ ಕಾಗದ ತಡವಾಯಿತು, ನಿಲ್ಲಲಿಲ್ಲ. ಉಳಿದಿದ್ದ ಇನ್ನೊಂದು ಮದ್ದಿನ ಕೊಳವೆಯನ್ನು ಹಾರಿಸುವುದಾದರೆ ಮಕ್ಕಳು ನೂರೈವತ್ತು ಹೆಜ್ಜೆ ದೂರ ಇರಬೇಕು, ಅದಕ್ಕೆ ಮೊದಲು ತೂಗಿದ ಲೆಕ್ಕ ಬರೆದಿಡಬೇಕು ಎಂದು ಕಾಗದದಲ್ಲಿತ್ತು.

ಸಾಗವಾನಿಯ ರೆಕ್ಕೆಗಳನ್ನು ಬಿಸಿನೀರಿನ ಬಟ್ಟೆ ಸುತ್ತಿ ಮೆಲ್ಲಗೆ ಕಿತ್ತರು. ಒಂಬತ್ತು ಚೂರನ್ನು ಹೊಂದಿಸಿ ಅಂಟಿಸಿ, ಎರಡೂ ಮಗ್ಗುಲಿಗೆ ಗಾಳಿಪಟದ ತೆಳು ಕಾಗದ ಹಚ್ಚಿದರೆ ಗಟ್ಟಿಯಾಗುತ್ತದೆ ಎಂದು ಮೌನೇಶ ಹೇಳಿದ. ಮಾಡಿದವಳು ತುಳಜಾ. ನಾಲ್ಕು ದಿನ ಅವಳು ಶಾಲೆ ಬಿಟ್ಟ ಮೇಲೆ ಕೊಟ್ಟಿಗೆಗೆ ಬಂದು ಮಣೆಯ ಮುಂದೆ ಕೂರುತ್ತಿದ್ದಳು. ಅವನು ಎದುರಿಗೆ ಕೈಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂರುತ್ತಿದ್ದ. ಚಾಕುವನ್ನು ಎಳೆಯಬೇಡ, ನೂಕು. ಉಸಿರು ಬಿಟ್ಟು ಆಮೇಲೆ ಕೊಯ್ಯಿ. ಕಣ್ಣು ಚಾಕುವಿನ ಮೇಲೆ ಬೇಡ, ಗೆರೆ ಮುಗಿಯುವಲ್ಲಿರಲಿ. ಹೇಳಬೇಕಾದಾಗ ಅವನಿಗೇ ಆಶ್ಚರ್ಯವಾಗುತ್ತಿತ್ತು. ಇದನ್ನೆಲ್ಲ ಅವನ ಕೈ ಮಾಡುತ್ತಿತ್ತೇ ಹೊರತು ಅವನು ಯಾವತ್ತೂ ಬಾಯಲ್ಲಿ ಆಡಿರಲಿಲ್ಲ. ಹುಡುಗಿ ಒಮ್ಮೆ ತಪ್ಪಿದಾಗ, "ಅಜ್ಜಾ, ನನ್ನ ಕೈನೂ ನಡಗಾಕತೈತಿ ನೋಡ," ಎಂದಳು. "ನಿಂದು ಅಂಜಿಕಿ," ಎಂದ ಅವನು. "ಅದು ಹೋಗತೈತಿ." ಕಾಳವ್ವ ಒಳಗಿನಿಂದ ಬಂದು ಇಬ್ಬರಿಗೂ ಚುರಮುರಿ ಕೊಟ್ಟು ಹೋದಳು.

ಮುಗಿದ ದಿನ ಉಮಾಶ್ರೀ ಮೌನೇಶನ ಎದುರಿಗೇ ರಾಕೆಟ್ಟಿಗೆ ದಾರ ಕಟ್ಟಿ ತೂಗಿಬಿಟ್ಟಳು. ಗುರುತಿನಿಂದ ಎರಡು ಬೆರಳು ಮುಂದೆ, ತಲೆಯ ಕಡೆಗೆ ನಿಂತಿತು. ತುಳಜಾ ಅದನ್ನು ವಹಿಯಲ್ಲಿ ಬರೆದಳು.

ಯುಗಾದಿಗೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ, ಅದೇ ಗದ್ದೆಯಲ್ಲಿ ಹಾರಿಸಿದರು. ಸಾಹೇಬರಿರಲಿಲ್ಲ, ಕುರ್ಚಿಯಿರಲಿಲ್ಲ. ಈ ಸಲ ಅದು ಕಂಬಿ ಬಿಟ್ಟದ್ದೇ ಗೊತ್ತಾಗಲಿಲ್ಲ. ಹೊಗೆಯ ಗೆರೆಯೊಂದು ನೆಟ್ಟಗೆ ನಿಂತಿತ್ತು, ತುದಿಯಲ್ಲಿ ಬಿಳಿ ಚುಕ್ಕೆ. ಚುಕ್ಕೆಯೂ ಕಾಣದಾಯಿತು. ಬಹಳ ಮೇಲೆ ಸಣ್ಣದೊಂದು ಟಪ್ ಎಂಬ ಸದ್ದು. ಕಿತ್ತಳೆ ಬಣ್ಣದ ಪ್ಯಾರಾಚೂಟು ಬಿಚ್ಚಿಕೊಂಡು ಗಾಳಿಗೆ ಪಡುವಣಕ್ಕೆ ತೇಲತೊಡಗಿತು. ಮಕ್ಕಳೆಲ್ಲ ಅದರ ಹಿಂದೆ ಕಬ್ಬಿನ ಹೊಲದ ಕಡೆ ಓಡಿದರು. ಉಮಾಶ್ರೀಯೂ ಸೀರೆ ಎತ್ತಿ ಕಟ್ಟಿಕೊಂಡು ಓಡಿದಳು.

ಮೌನೇಶ ಬದುವಿನ ಮೇಲೆ ಕೂತ. ಶೇಖಪ್ಪ ಬಂದು ಪಕ್ಕದಲ್ಲಿ ಕೂತು, ಎಲೆ ಅಡಿಕೆಯ ಚೀಲ ತೆಗೆದು, ಬಿಚ್ಚದೆ ಹಾಗೆಯೇ ಹಿಡಿದುಕೊಂಡ.

"ಗುಡಿ ಬಾಗಲಕ್ಕ ಮುಂಡಗೋಡ ಕಡೆಯ ಬಡಿಗರನ್ನ ಕೇಳೇನಿ," ಎಂದ ಕೊನೆಗೆ. "ಸೋಮವಾರ ಬರತಾರ. ನಿನಗ ಹೇಳದ ಮಾಡಬಾರದಿತ್ತು. ಹೇಳಾಕ ಬಾಯಿ ಬರಲಿಲ್ಲ."

ಮೌನೇಶ ಕಬ್ಬಿನ ಹೊಲದ ಕಡೆ ನೋಡುತ್ತಿದ್ದ. ಆ ಮಾತು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು, ಪೆನ್ನು ಎತ್ತಿ ಹಿಡಿದ ದಿನದಿಂದ. ಆದರೂ ಬಂದಾಗ ಬದುವಿನ ಹೆಂಟೆಯೊಂದನ್ನು ಹಿಡಿದು ಪುಡಿಮಾಡಿದ.

"ಹುಷಾರ್ ಇದ್ದಾರೇನು ಅವರು?"

"ಚಲೋ ಮಾಡತಾರ ಅಂತ ಕೇಳೇನಿ."

"ಎಡಕ್ಕಿರೂ ಎರಡನೇ ಹಲಿಗಿ ಐತೆಲ್ಲಾ," ಎಂದ ಮೌನೇಶ, "ಮ್ಯಾಲಿಂದ ಒಂದೂವರಿ ಮೊಳಕ್ಕ ಒಳಗ ಒಂದು ಗಂಟೈತಿ. ಕಣ್ಣಿಗೆ ಕಾಣಂಗಿಲ್ಲ. ತಟ್ಟಿದ್ರ ದನಿ ಬ್ಯಾರೆ ಬರತೈತಿ. ಅಲ್ಲಿ ಉಳಿ ಹಚ್ಚಿದ್ರ ಸೀಳತೈತಿ ಅಂತ ಹೇಳ್ರಿ."

ಎಲ್ಲಿ, ಯಾವ ಹಲಗೆ ಎಂದು ಶೇಖಪ್ಪ ಮತ್ತೆ ಕೇಳಿದ. ಮೌನೇಶ ಬದುವಿನ ಮಣ್ಣಿನ ಮೇಲೆ ಬೆರಳಿನಿಂದ ನಾಲ್ಕು ಹಲಗೆ ಬರೆದು ತೋರಿಸಿದ. ಗೆರೆಗಳು ಅಂಕುಡೊಂಕಾಗಿದ್ದವು. ಶೇಖಪ್ಪ ಬಗ್ಗಿ, ಬೆರಳಿಟ್ಟು, ಇಲ್ಲೇ ಅಲ್ಲವೇ ಎಂದು ಇನ್ನೊಮ್ಮೆ ಕೇಳಿ ಗುರುತು ಮಾಡಿಕೊಂಡ.